ನಾನು ಬೀಳಿಸಿದ ಬೀಗದ ಕೈ

ಮಾನ್ಯ ಅಮಲ್ದಾರರೇ,

ಕಳೆದ ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನಾನು ತಮ್ಮ ಕಚೇರಿಗೆ ಬಂದು ನನ್ನ ತಪ್ಪನ್ನು ಒಪ್ಪಿಕೊಳ್ಳಲು ನೋಡಿದೆ. ತಾವು ಒಪ್ಪಿಕೊಳ್ಳಲು ಬಿಡಲಿಲ್ಲ. ಇದೇ ನನ್ನ ದೂರು. ಅರ್ಜಿ ತೆಗೆದುಕೊಳ್ಳಲಿಲ್ಲ, ದಿನವಿಡೀ ಕಾಯಿಸಿದರು, ಗದರಿಸಿ ಕಳಿಸಿದರು ಎಂದು ಜನ ಕಚೇರಿಗಳ ಮೇಲೆ ದೂರುವುದುಂಟು. ತಪ್ಪೊಪ್ಪಿಕೊಳ್ಳಲು ಬಂದವನನ್ನು ಸಮಾಧಾನಪಡಿಸಿ, ಕಾಫಿ ಕುಡಿಸಿ ಮನೆಗೆ ಕಳಿಸಿದರು ಎಂಬ ದೂರು ಇದೇ ಮೊದಲಿರಬೇಕು. "ಸ್ವಾಮಿ, ಕಳ್ಳತನದ ಕೇಸಿನಲ್ಲಿ ತಾವು ಕೂಡಿಹಾಕಿರುವ ತೋಟಿ ಜವರಯ್ಯ ಕಳ್ಳನಲ್ಲ, ಬೀಗದ ಕೈ ಕೊಟ್ಟವನು ನಾನು" ಎಂದು ನಾನು ಬಾಯಿ ತೆರೆದರೆ, ತಾವು ಫೈಲನ್ನು ಮುಚ್ಚಿ, ಕನ್ನಡಕ ತೆಗೆದು ಒರೆಸುತ್ತಾ, "ಮೇಷ್ಟ್ರೇ, ಫೈಲು ಸರಿಯಾಗಿದೆ. ಸುಮ್ಮನೆ ಕೆಡಿಸಬೇಡಿ" ಎಂದಿರಿ. ತಾವು ಕೇಳಲೊಲ್ಲದ್ದನ್ನು ಈಗ ಪತ್ರಿಕೆಯಲ್ಲಿ ಓದಿ. ಬರುವ ಸೋಮವಾರ ತಮ್ಮೆದುರೇ ಜವರಯ್ಯನ ವಿಚಾರಣೆ. ಅದಕ್ಕೆ ಮೊದಲೇ ಇದು ಅಚ್ಚಾಗುತ್ತದೆ ಎಂದು ಸಂಪಾದಕರು ಮಾತು ಕೊಟ್ಟಿದ್ದಾರೆ.

ತಾವು ಯಾವ ತಾಲ್ಲೂಕಿನ ಅಮಲ್ದಾರರೆಂದು ನಾನು ಬರೆಯುವುದಿಲ್ಲ. ನನ್ನ ಊರಿನ ಹೆಸರನ್ನೂ ಬರೆಯುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಮೂರು ಕಡೆಯೂ ಊರೂರಿಗೆ ಚಾವಡಿ ಇದೆ, ಚಾವಡಿಗೊಂದು ಜಗಲಿ ಇದೆ. ಓದಿದವರು ಇದು ನಮ್ಮೂರೇ ಇರಬೇಕು ಎಂದುಕೊಂಡರೆ ನಾನು ಅಡ್ಡ ಬರುವುದಿಲ್ಲ. ಸರ್ಕಾರದ ಸಂಬಳ ತಿನ್ನುವವನು ಪತ್ರಿಕೆಗೆ ಬರೆಯಕೂಡದೆಂಬ ನಿಯಮ ನನಗೆ ಗೊತ್ತಿದೆ. ಮೂವತ್ತು ವರ್ಷ ಅದನ್ನು ಪಾಲಿಸಿದ್ದೇನೆ. ನಿಯಮ ಪಾಲಿಸುವುದರಲ್ಲಿ ನಾನು ಎಂಥ ನಿಪುಣ ಎಂಬುದನ್ನು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾಲ್ಕೈದು ವರ್ಷದ ಹಿಂದೆ ನಮ್ಮ ಕಡೆಗೆ ನಾಲೆಯ ನೀರು ಬಂತು. ರಾಗಿ ಹೊಲಗಳು ಗದ್ದೆಯಾದವು, ಗದ್ದೆಗಳಲ್ಲಿ ಕಬ್ಬು ಎದ್ದಿತು, ನೀರಿನ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ. ಮೂರು ದಿನಕ್ಕೊಮ್ಮೆ ಬಂದು ಹಲ್ಲು ಕಟಕಟಿಸಿ ಹೋಗುವ ಈ ಅತಿಥಿಗೆ ಮೇಲುಕೀಳಿನ ಭೇದವಿಲ್ಲ. ಪಟೇಲರ ಮನೆಗೂ ಬಂತು, ನಮ್ಮ ಮನೆಗೂ ಬಂತು, ಕೇರಿಗೂ ಬಂತು. ಸರ್ಕಾರ ಕಣ್ಣು ಮುಚ್ಚಿ ಕೂರಲಿಲ್ಲ ಎಂಬುದನ್ನು ನಾನು ಮುಚ್ಚಿಡಬಾರದು. ಕ್ವಿನೈನ್ ಮಾತ್ರೆಯ ಡಬ್ಬಿಗಳನ್ನು ಹಳ್ಳಿಹಳ್ಳಿಗೆ ಕಳಿಸಿತು. ಹಂಚುವ ಕೆಲಸ ಮೇಷ್ಟರ ತಲೆಗೆ ಬಿತ್ತು. ಮಾತ್ರೆಯನ್ನು ಊರ ಚಾವಡಿಯಲ್ಲಿ, ಪಟೇಲರ ಸಮಕ್ಷಮ, ಖುದ್ದಾಗಿ ಬಂದವರಿಗೆ ಮಾತ್ರ ಕೊಡತಕ್ಕದ್ದು, ಪಡೆದವರು ಮೇಷ್ಟರ ಕಣ್ಣೆದುರೇ ನುಂಗತಕ್ಕದ್ದು ಎಂದು ತಮ್ಮ ಕಚೇರಿಯಿಂದ ಹುಕುಮು ಬಂತು. ಕಹಿ ಎಂದು ಜನ ಮಾತ್ರೆಯನ್ನು ತಿಪ್ಪೆಗೆ ಎಸೆಯುತ್ತಾರೆ, ಅದಕ್ಕೆ ಈ ಏರ್ಪಾಡು. ಹುಕುಮು ಬರೆದವರು ಬುದ್ಧಿವಂತರು, ದ್ವೇಷದ ಒಂದಕ್ಷರವೂ ಅದರಲ್ಲಿಲ್ಲ. ಚಾವಡಿಯ ಜಗಲಿಯನ್ನು ಕೇರಿಯವರು ಹತ್ತುವಂತಿಲ್ಲ ಎಂಬುದು ಬರೆದವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ತಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಹುಕುಮಿನಲ್ಲಿ ಬರೆಯುವ ರೂಢಿ ಇಲ್ಲ, ಅಷ್ಟೆ.

ಜವರಯ್ಯ ನಮ್ಮೂರಿನ ತೋಟಿ. ಅವನ ಅಪ್ಪನೂ ತೋಟಿ, ಅಜ್ಜನೂ ತೋಟಿ. ಚಾವಡಿಯ ಮುಂದೆ ಗುಡಿಸುವುದು, ಅಮಲ್ದಾರರ ಸವಾರಿ ಬಂದಾಗ ಕುದುರೆಗೆ ಹುಲ್ಲು ತರುವುದು, ತಮಟೆ ಬಡಿದು ಸರ್ಕಾರದ ಸುದ್ದಿ ಸಾರುವುದು ಅವನ ಕೆಲಸ. ಮಾತ್ರೆ ಬಂದ ದಿನ ಊರ ತುಂಬ ತಮಟೆ ಬಡಿದವನು ಅವನೇ. "ಕೇಳ್ರಪ್ಪೋ ಕೇಳ್ರಿ! ಚಳಿಜರದ ಮಾತ್ರೆ ಬಂದೈತೆ! ಎಲ್ಲಾರೂವೆ ಚಾವಡೀಗ್ ಬಂದು ಈಸ್ಕೊಂಡೋಗ್ಬೇಕೂ!" ಅವನ ಕಂಠ ದೊಡ್ಡದು, ನಾಲೆಯ ಆಚೆ ದಡಕ್ಕೂ ಕೇಳಿಸುತ್ತದೆ. ಊರು ಸಾರಿ, ಕೇರಿಯನ್ನೂ ಸಾರಿ, ಹಿಂತಿರುಗಿ ಬಂದು ಜಗಲಿಯ ಕೆಳಗೆ ತಮಟೆ ಇಟ್ಟುಕೊಂಡು ನಿಂತ. ಊರಿನವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದು, ಮುಖ ಕಿವುಚಿ ಮಾತ್ರೆ ನುಂಗಿ ನೀರು ಕುಡಿದು ಹೋದರು. "ನೀನು ತಗೊಳ್ಳೋದಿಲ್ವೇನಯ್ಯ?" ಎಂದು ನಾನು ಮೇಲಿನಿಂದ ಕೇಳಿದೆ. ಎಂಥ ಪ್ರಶ್ನೆ ನೋಡಿ! ಅವನು ನಕ್ಕ. "ಸಾರೋನು ನಾನು. ಈಸ್ಕಳಾಕೆ ನಾನ್ಯಾರು ಸ್ವಾಮಿ?" ಎಂದ.

ಪಟೇಲ ಹೊನ್ನಯ್ಯನವರನ್ನು ನಾನು ಕೇಳದೆ ಇರಲಿಲ್ಲ. ಅವರು ಕೆಟ್ಟವರೆಂದು ತಮಗೆ ಅನ್ನಿಸಬಾರದು. ಬರಗಾಲದಲ್ಲಿ ತಮ್ಮ ಕಣಜ ತೆಗೆದು ಕೇರಿಗೂ ರಾಗಿ ಅಳೆಸಿದವರು. "ಮಾತ್ರೆ ಕೊಡಬ್ಯಾಡಿ ಅಂತ ನಾನೇಳ್ತಾ ಇಲ್ಲ ಮೇಷ್ಟ್ರೇ, ಕೊಡಿ. ಆದ್ರೆ ಜಗ್ಲಿ ಮ್ಯಾಲೆ ಅತ್ತಿಸ್ಬ್ಯಾಡಿ. ನಾಳೀಕೆ ಊರೋರೆಲ್ಲಾ ನನ್ ಮನೆ ಮುಂದೆ ಬಂದು ನಿಂತ್ಕತ್ತಾರೆ" ಎಂದರು. ಹಾಗಾದರೆ ನಾನೇ ಕೆಳಗಿಳಿದು, ಕೇರಿಗೆ ಹೋಗಿ ಕೊಡಲೇ ಎಂದೆ. "ಉಕುಂ ಏನೈತೆ ನೋಡ್ಕಳಿ. ಚಾವಡೀಲಿ ಅಂತೈತೆ. ಬೀದೀಲಿ ಕೊಟ್ರೆ ನಾನ್ ರುಜು ಆಕಾಕಿಲ್ಲ. ಆಮ್ಯಾಕೆ ನೀವುಂಟು, ನಿಮ್ ಅಮಲ್ದಾರ್ರುಂಟು" ಎಂದರು. ಜಗಲಿಯ ಮೇಲೆ ಕೊಟ್ಟರೆ ಊರು ಬಿಡದು, ಕೆಳಗೆ ಕೊಟ್ಟರೆ ಹುಕುಮು ಬಿಡದು. ಎರಡರ ನಡುವೆ ನಾನು ಡಬ್ಬಿಗೆ ಬೀಗ ಹಾಕಿ, ಅದನ್ನು ಚಾವಡಿಯಲ್ಲೇ ಬಿಟ್ಟು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಮನೆಗೆ ಬಂದೆ.

ಈಗ ನನ್ನ ಮೊದಲನೆಯ ತಪ್ಪು ಕೇಳಿ. ಯಾರು ಮಾತ್ರೆ ತೆಗೆದುಕೊಂಡರು, ಯಾರು ಇಲ್ಲ ಎಂದು ತಮ್ಮ ಕಚೇರಿಗೆ ಪಟ್ಟಿ ಕಳಿಸಬೇಕಿತ್ತು. ಕೇರಿಯ ಒಂದೊಂದು ಹೆಸರಿನ ಮುಂದೆ ಏನು ಬರೆಯಲಿ? ಮೂವತ್ತು ವರ್ಷ ಹಾಜರಿ ಕರೆದ ಕೈ. ಬಾರದ ಮಕ್ಕಳ ಹೆಸರಿನ ಮುಂದೆ ಬರೆಯುವುದನ್ನೇ ಇಲ್ಲಿಯೂ ಬರೆಯಿತು: ಗೈರುಹಾಜರು. ಜವರಯ್ಯ, ಗೈರುಹಾಜರು. ಅವನ ಹೆಂಡತಿ ಪಟ್ಟಲಮ್ಮ, ಗೈರುಹಾಜರು. ಮೂರು ತಿಂಗಳು ಹೀಗೆಯೇ ಬರೆದೆ. ಜವರಯ್ಯ ಆ ಹೊತ್ತಿನಲ್ಲಿ ನನ್ನಿಂದ ನಾಲ್ಕು ಮಾರು ದೂರದಲ್ಲಿ, ಜಗಲಿಯ ಕೆಳಗೆ, ತಮಟೆಯ ಪಕ್ಕದಲ್ಲಿ ನಿಂತಿದ್ದ! ತಮ್ಮ ಕಚೇರಿ ಆ ಪಟ್ಟಿಯನ್ನು ಓದಿ ಏನು ತೀರ್ಮಾನಿಸಿತು? "ಕೇರಿಯ ನಿವಾಸಿಗಳು ಅಜ್ಞಾನದಿಂದಲೂ ಮೌಢ್ಯದಿಂದಲೂ ಔಷಧವನ್ನು ನಿರಾಕರಿಸುತ್ತಿದ್ದಾರೆ" ಎಂದು ಮೇಲಕ್ಕೆ ವರದಿ ಕಳಿಸಿತು. ಅದರ ನಕಲು ನನಗೂ ಬಂತು. ಓದಿ ಮಡಚಿಟ್ಟೆ. ದೀಪಾವಳಿಯ ಮಾರನೆಯ ದಿನ ಪಟ್ಟಲಮ್ಮ ಜ್ವರದಲ್ಲಿ ತೀರಿಕೊಂಡಳು. ಆ ತಿಂಗಳ ಪಟ್ಟಿಯಲ್ಲಿ ಅವಳ ಹೆಸರನ್ನು ಹೊಡೆದುಹಾಕಿದೆ.

ಇಷ್ಟಕ್ಕೇ ನಿಂತಿದ್ದರೆ ನಾನು ನನ್ನ ಪಾಡಿಗೆ ಇದ್ದುಬಿಡುತ್ತಿದ್ದೆ. ನನ್ನನ್ನು ಕೆಡಿಸಿದವರು ತಾವು.

ಪಟ್ಟಲಮ್ಮ ಸತ್ತ ಮುಂದಿನ ವಾರ, ಒಂದು ಭಾನುವಾರ ಸಂಜೆ, ಮಂಡ್ಯದ ವಾಚನಾಲಯವೊಂದರಲ್ಲಿ ತಮ್ಮ ಭಾಷಣವಿತ್ತು. "ಸಾರ್ವಜನಿಕ ಜೀವನದಲ್ಲಿ ಕ್ರಿಸ್ತನ ಪ್ರೀತಿ" ಎಂಬುದು ವಿಷಯ. ನಾನು ಯಲಿಯೂರಿನಲ್ಲಿ ರೈಲು ಹತ್ತಿ ಬಂದಿದ್ದೆ. ನಾನು ನಾಮ ಹಾಕುವವನು, ತಾವು ಕ್ರೈಸ್ತರು. ಹುಡುಗತನದಲ್ಲಿ ಮೈಸೂರಿನ ಮಿಷನ್ ಶಾಲೆಯೊಂದರಲ್ಲಿ ಓದಿದ್ದರಿಂದ ಯೇಸುಸ್ವಾಮಿಯ ಹೆಸರು ನನಗೆ ಹೊಸದಲ್ಲ. ಆದರೆ ಪರೀಕ್ಷೆಗೆ ಉರು ಹೊಡೆದದ್ದು ಬೇರೆ, ತಮ್ಮ ಬಾಯಲ್ಲಿ ಕೇಳಿದ್ದು ಬೇರೆ. ದಾರಿಯ ಪಕ್ಕ ಗಾಯಗೊಂಡು ಬಿದ್ದವನನ್ನು ದೊಡ್ಡವರೆಲ್ಲ ಬಳಸಿಕೊಂಡು ಹೋದದ್ದನ್ನು, ಕೀಳೆನಿಸಿಕೊಂಡವನೊಬ್ಬ ನಿಂತು ಎತ್ತಿಕೊಂಡದ್ದನ್ನು ತಾವು ಹೇಳಿದಾಗ ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮದ್ದೂರಿನಿಂದ ಬಂದಿದ್ದ ಖಾದಿಯವರು ತಲೆದೂಗಿದರು. ಪ್ರೀತಿಯೆಂಬುದು ಕಚೇರಿಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಒಳಗೆ ಹೋಗುವ ವಸ್ತುವಲ್ಲ ಎಂದಿರಿ. ಕೊಕ್ಕರೆ ಬೆಳ್ಳೂರಿನ ಮಾತೂ ಬಂತು. ಆ ಊರಿನವರು ಮರಕ್ಕೆ ಗೂಡು ಕಟ್ಟಲು ಬರುವ ಕೊಕ್ಕರೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಯುತ್ತಾರೆ, ಹುಣಿಸೆಯ ಫಸಲು ಹೋದರೂ ಮರ ಅಲುಗಿಸುವುದಿಲ್ಲ, ಅಕ್ಷರ ಬಾರದವರಿಗೆ ಇದು ಬರುವುದಾದರೆ ಸರ್ಕಾರಕ್ಕೆ ಏಕೆ ಬಾರದು ಎಂದು ತಾವು ಕೇಳಿದಿರಿ. ನನಗೆ ಕಣ್ಣಲ್ಲಿ ನೀರು ಬಂತು, ಇದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಟಿಕೇಟಿನ ಹಿಂದೆ ಆ ಚಪ್ಪಲಿಯ ಮಾತನ್ನು ಬರೆದುಕೊಂಡೆ.

ಆ ಹೊತ್ತಿನಲ್ಲಿ ನಮ್ಮ ಕೇರಿಯಲ್ಲಿಯೂ ಬಾಣಂತನಕ್ಕೆ ಬಂದ ಮಗಳೊಬ್ಬಳಿದ್ದಳು. ಜವರಯ್ಯನ ಮಗಳು ಬೆಟ್ಟಮ್ಮ, ಅದೇ ಬೆಳ್ಳೂರಿಗೆ ಕೊಟ್ಟ ಹೆಣ್ಣು. ತವರಿಗೆ ಬಂದು ಹೆತ್ತಳು, ಬಾಣಂತನ ಮಾಡಬೇಕಾದ ತಾಯಿ ಸತ್ತಳು, ಆಮೇಲೆ ಅವಳಿಗೇ ಜ್ವರ ಹಿಡಿಯಿತು. ನಾನು ಮಂಡ್ಯದಿಂದ ಬಂದ ಎರಡನೆಯ ದಿನ ಬೆಳಿಗ್ಗೆ ಜವರಯ್ಯ ಚಾವಡಿಯ ಮುಂದೆ ಗುಡಿಸುತ್ತಿದ್ದ. ನಾನು ಜಗಲಿಯ ಮೇಲಿದ್ದೆ. ಕಸಬರಿಕೆ ನಿಲ್ಲಿಸದೆಯೇ ಹೇಳಿದ. "ಮೂರ್ದಿನುಕ್ಕೊಂದ್ಸಲ ಬತ್ತಾ ಐತೆ ಸ್ವಾಮಿ. ಮಗೀಗೆ ಆಲಿಲ್ಲ. ಅವ್ರವ್ವ ಓದಂಗೇ ಇವ್ಳೂ ಓಗ್ಬುಡ್ತಾಳೆ." ಕೇಳಿದ್ದು ಏನೂ ಇಲ್ಲ, ಬರೀ ಹೇಳಿದ. ನನ್ನ ಕಿವಿಯಲ್ಲಿ ತಮ್ಮ ಭಾಷಣ ಇನ್ನೂ ಬಿಸಿಯಾಗಿತ್ತು.

ನಾನು ಏನು ಮಾಡಬಹುದಿತ್ತು? ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದು ಅವನ ಹಿಂದೆ ಕೇರಿಗೆ ನಡೆಯಬಹುದಿತ್ತು. ನಡೆಯಲಿಲ್ಲ. ಮಂಡ್ಯದ ಔಷಧದ ಅಂಗಡಿಯಲ್ಲಿ ಮಾತ್ರೆ ಕೊಂಡು ಕೊಡಬಹುದಿತ್ತು. ಅದು ಹೊಳೆಯಲೇ ಇಲ್ಲ. ಸರ್ಕಾರದ ಡಬ್ಬಿಯ ಹೊರಗೂ ಔಷಧವಿದೆ ಎಂಬುದು ಸರ್ಕಾರಿ ನೌಕರನಿಗೆ ಬೇಗ ಹೊಳೆಯುವುದಿಲ್ಲ. ನಾನು ಮಾಡಿದ್ದು ಇಷ್ಟು. ಜನಿವಾರದಿಂದ ಬೀಗದ ಕೈ ಬಿಚ್ಚಿದೆ. ಕೈಯಿಂದ ಕೈಗೆ ಕೊಡುವಂತಿಲ್ಲವಲ್ಲ, ಕೊಟ್ಟರೆ ಮುಟ್ಟಿದಂತಾಗುತ್ತದೆ. ನಮ್ಮವರು ಕೇರಿಯವರಿಗೆ ಏನು ಕೊಡುವುದಾದರೂ ನೆಲಕ್ಕೆ ಹಾಕುತ್ತಾರೆ, ಅವರು ಎತ್ತಿಕೊಳ್ಳುತ್ತಾರೆ. ಹಾಗೆಯೇ ನಾನು ಕೂತಲ್ಲಿಂದಲೇ ಕೆಳಗಿನ ಮೆಟ್ಟಿಲ ಮೇಲೆ ಬೀಗದ ಕೈಯನ್ನು ಬೀಳಿಸಿದೆ. ಮಧ್ಯಾಹ್ನ ಊರೆಲ್ಲ ಕೊಯ್ಲಿಗೆ ಹೋಗಿರುತ್ತದೆ ಎಂದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. "ಬಿದ್ದೈತೆ ಸ್ವಾಮಿ" ಎಂದ. "ಬಿದ್ದಿದ್ದರೆ ಎತ್ತಿಕೋ" ಎಂದೆ. ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಏನಾದ್ರೂ ನಿಮ್ಮೆಸ್ರು ನನ್ ಬಾಯಾಗ್ ಬರಾಕಿಲ್ಲ" ಎಂದು ಮತ್ತೆ ಗುಡಿಸತೊಡಗಿದ.

ಮಧ್ಯಾಹ್ನ ಅವನು ತನ್ನ ಜನ್ಮದಲ್ಲಿ ಮೊದಲ ಸಲ ಚಾವಡಿಯ ಜಗಲಿ ಹತ್ತಿದ. ಡಬ್ಬಿ ತೆಗೆದು, ಮಗಳೊಬ್ಬಳಿಗೆ ಬೇಕಾದಷ್ಟು ಮಾತ್ರೆಯನ್ನು ಪಂಚೆಯ ತುದಿಗೆ ಕಟ್ಟಿಕೊಂಡು, ಮತ್ತೆ ಬೀಗ ಹಾಕಿದ. ಬೀಗ ಹಾಕಿ ಹೋಗುವ ಕಳ್ಳನನ್ನು ತಮ್ಮ ಸರ್ವೀಸಿನಲ್ಲಿ ಕಂಡಿದ್ದೀರಾ? ಅವನು ಇಳಿಯುವಾಗ ಪಟೇಲರ ತಾಯಿ ಚಿಕ್ಕಬೋರಮ್ಮ ಎದುರು ಮನೆಯಿಂದ ನೋಡಿಬಿಟ್ಟರು. ಆಯಮ್ಮ ಏನೆಂದು ಕೂಗಿದರು ಎಂಬುದು ಫೈಲಿನಲ್ಲಿ ಇಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಕಳ್ಳ ಎಂದು ಕೂಗಲಿಲ್ಲ. "ಅಯ್ಯಯ್ಯೋ, ಜಗ್ಲಿ ಅತ್ತವ್ನೆ ಬನ್ರೋ! ಜವರ ಜಗ್ಲಿ ಅತ್ತವ್ನೆ ಕಣ್ರೋ!" ಎಂದು ಕೂಗಿದರು. ಇಡೀ ಊರು ಓಡಿ ಬಂದದ್ದು ಅದಕ್ಕೆ. ಆದರೆ ಮಹಾರಾಜರ ಸರ್ಕಾರದ ಯಾವ ಕಾನೂನಿನಲ್ಲಿಯೂ ಜಗಲಿ ಹತ್ತುವುದು ಅಪರಾಧವಲ್ಲ. ಅದಕ್ಕೆ ಶಿಕ್ಷೆ ಬೇಕಾದರೆ ಅದಕ್ಕೆ ಬೇರೆ ಹೆಸರು ಬೇಕು. ಪೊಲೀಸು ಜಮಾದಾರರು ಬಂದು ಆ ಹೆಸರನ್ನು ಕೊಟ್ಟರು: ಸರ್ಕಾರಿ ಔಷಧದ ಕಳ್ಳತನ. ಪಂಚೆಯ ತುದಿ ಬಿಚ್ಚಿಸಿ ಮಾತ್ರೆಗಳನ್ನು ಕಿತ್ತುಕೊಂಡರು.

ಜಮಾದಾರರು ಚಾವಡಿಯಲ್ಲಿ ಎಲ್ಲರೆದುರು ನನ್ನನ್ನು ಕೇಳಿದರು: ಬೀಗದ ಕೈ ನೀವು ಕೊಟ್ಟಿರಾ? ಇಲ್ಲ ಎಂದೆ. ಸಂಜೆ ಪಟೇಲರು ತಮ್ಮ ಮನೆಗೆ ಕರೆಸಿ ಮೆಲ್ಲಗೆ ಕೇಳಿದರು: ದಿಟ ಏಳಿ ಮೇಷ್ಟ್ರೇ, ಕೊಟ್ರಾ? ಇಲ್ಲ ಎಂದೆ. ಮೂರು ದಿನ ಬಿಟ್ಟು ತಮ್ಮ ಕಚೇರಿಯಿಂದ ಮೆಮೊ ಬಂತು: ಬೀಗದ ಕೈ ಆರೋಪಿಯ ವಶಕ್ಕೆ ಹೇಗೆ ಹೋಯಿತೆಂಬುದಕ್ಕೆ ಸಮಜಾಯಿಷಿ ಕೊಡಿ. ಸ್ನಾನಕ್ಕೆ ಹೋದಾಗ ಕಳೆದುಹೋಗಿರಬೇಕು ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಕಳಿಸಿದೆ. ಮೂರು ಸಲವಾಯಿತು. ಯೇಸುಸ್ವಾಮಿಯ ಗುರುತಿದೆಯೇ ಎಂದು ಕೇಳಿದರೆ ಮೂರು ಸಲ ಇಲ್ಲವೆಂದ ಶಿಷ್ಯನೊಬ್ಬನ ಕಥೆ ತಮಗೆ ನನಗಿಂತ ಚೆನ್ನಾಗಿ ಗೊತ್ತು. ಅವನಿಗಾದರೆ ಕೋಳಿ ಕೂಗಿತು, ಎಚ್ಚರವಾಯಿತು, ಹೊರಗೆ ಹೋಗಿ ಅತ್ತ. ನಾನು ಮೆಮೊಗೆ ಉತ್ತರ ಬರೆದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ. ನಮ್ಮೂರಿನ ಕೋಳಿಗಳೆಲ್ಲ ಆ ಹೊತ್ತಿಗೆ ತಿಪ್ಪೆ ಕೆದಕುತ್ತಿದ್ದವು. ತಮ್ಮ ಕಚೇರಿಯಿಂದ ಮಾತ್ರ ಒಂದು ಉತ್ತರ ಬಂತು: ಮೇಷ್ಟರ ಸಮಜಾಯಿಷಿ ತೃಪ್ತಿಕರವಾಗಿದೆ.

ನನ್ನ ಹೆಂಡತಿ ಗೋದಾಳಿಗೆ ಎಲ್ಲವನ್ನೂ ಹೇಳಿದೆ. ನಾನು ಕೇರಿಗೆ ಹೋಗಲಿಲ್ಲ, ಕೈಗೆ ಕೊಡಲಿಲ್ಲ, ಮಡಿ ಮೈಲಿಗೆ ಎಂದು ನೀನು ನೊಂದುಕೊಳ್ಳುತ್ತೀಯೆಂದು ಹೆದರಿದೆ ಎಂದೆ. ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ. "ನಿಮ್ಮ ಭಯಕ್ಕೆ ನನ್ನ ಹೆಸರು ಇಡಬೇಡಿ" ಎಂದಳು. ಮಾರನೆಯ ದಿನ ನನ್ನನ್ನು ಮಂಡ್ಯಕ್ಕೆ ಅಟ್ಟಿ ಮಾತ್ರೆ ತರಿಸಿದಳು. ತಾನೇ ಹಾಲಿನ ಚೊಂಬು ಹಿಡಿದು ಕೇರಿಗೆ ಹೋಗಿ, ಬೆಟ್ಟಮ್ಮನ ಪಕ್ಕ ಕೂತು, ಕಣ್ಣೆದುರೇ ನುಂಗಿಸಿ ಬಂದಳು. ಹುಕುಮಿನಲ್ಲಿ ಇದ್ದದ್ದೂ ಅಷ್ಟೇ ಅಲ್ಲವೇ? ದಿನವೂ ಹೋಗುತ್ತಾಳೆ, ಬಂದು ಸ್ನಾನ ಮಾಡುತ್ತಾಳೆ, ಅಡಿಗೆ ಮಾಡುತ್ತಾಳೆ. ನಮ್ಮ ಬೀದಿಯವರು ನಮ್ಮ ಮನೆಯ ನೀರು ಕುಡಿಯುವುದನ್ನು ಬಿಟ್ಟಿದ್ದಾರೆ. ಬೆಟ್ಟಮ್ಮ ಬದುಕಿದ್ದಾಳೆ, ಮಗುವೂ ಇದೆ. ಆದರೆ ಊರಿನಲ್ಲಿ ಈಗ ಯಾರಿಗೂ ಮಾತ್ರೆ ಇಲ್ಲ, ಪಟೇಲರ ಮನೆಗೂ ಇಲ್ಲ. ಡಬ್ಬಿಯೂ ಬೀಗದ ಕೈಯೂ ಕೇಸಿನ ಮಾಲೆಂದು ಅರಗಿನ ಮೊಹರು ಹಾಕಿಸಿಕೊಂಡು ತಮ್ಮ ಕಚೇರಿಯ ಬೀರುವಿನಲ್ಲಿ ಕೂತಿವೆ. ಮೊನ್ನೆಯಿಂದ ಚಿಕ್ಕಬೋರಮ್ಮನವರಿಗೂ ಜ್ವರ.

ಗುರುವಾರ ತಮ್ಮ ಬಳಿಗೆ ಬರುವ ಮೊದಲು ನಾನು ಲಾಕಪ್ಪಿನ ಕಂಬಿಯ ಹತ್ತಿರ ಹೋಗಿದ್ದೆ. ಮೂರು ವಾರಕ್ಕೆ ಜವರಯ್ಯ ಅರ್ಧವಾಗಿದ್ದಾನೆ. ನಾನು ಎಲ್ಲವನ್ನೂ ಹೇಳಿಬಿಡುತ್ತೇನಯ್ಯ ಎಂದೆ.

"ಬ್ಯಾಡಿ ಸ್ವಾಮಿ. ನಿಮ್ ಕೆಲ್ಸ ಓಯ್ತದೆ. ಮಕ್ಳಿಗೆ ಯಾರ್ ಏಳ್ಕೊಡ್ತಾರೆ? ನಂದೇನು, ಅಲ್ಲೂ ದುಡೀತಿದ್ದೆ, ಇಲ್ಲೂ ದುಡೀತೀನಿ. ಬೆಟ್ಟವ್ವ ಎಂಗವ್ಳೆ?"

ಚೆನ್ನಾಗಿದ್ದಾಳೆ ಎಂದೆ. ಅವನು ಕಂಬಿ ಹಿಡಿದುಕೊಂಡು ಮುಂದಕ್ಕೆ ಬಾಗಿದ.

"ನಾನ್ ಸುಳ್ಳೇಳಿಲ್ಲ ಸ್ವಾಮಿ. ಬೀಗದ್ ಕೈ ಎಲ್ಲಿ ಸಿಕ್ತಲಾ ಅಂತ ಒಡುದ್ರು. ಮೆಟ್ಲ್ ಮ್ಯಾಲೆ ಬಿದ್ದಿತ್ತು, ಎತ್ಕೊಂಡೆ ಅಂದೆ. ದಿಟ್ವೇ ತಾನೇ?"

ದಿಟವೇ, ಮಾನ್ಯರೇ. ಆರೋಪಿಯ ಹೇಳಿಕೆ ಎಂದು ತಮ್ಮ ಫೈಲಿನಲ್ಲಿ ಆ ಮಾತೇ ಇದೆ. ಬಿದ್ದಿದ್ದ ಸರ್ಕಾರಿ ಬೀಗದ ಕೈಯನ್ನು ಒಪ್ಪಿಸದೆ ಬಚ್ಚಿಟ್ಟುಕೊಂಡನೆಂದು ಅದರ ಮೇಲೆ ಇನ್ನೊಂದು ಅಪರಾಧವನ್ನೂ ಸೇರಿಸಿದ್ದೀರಿ. ನಾನು ಕೈಗೆ ಕೊಟ್ಟಿದ್ದರೆ, ನನ್ನನ್ನು ಉಳಿಸಲು ಅವನು ಸುಳ್ಳು ಹೇಳಬೇಕಾಗುತ್ತಿತ್ತು, ಸುಳ್ಳು ಹೇಳಲು ಬಾರದ ಮನುಷ್ಯ ಎಲ್ಲೋ ಒಂದು ಕಡೆ ಸಿಕ್ಕಿ ನಿಜ ಹೊರಬೀಳುತ್ತಿತ್ತು. ನೆಲಕ್ಕೆ ಬೀಳಿಸಿದ್ದರಿಂದ ಅವನು ನಿಜವನ್ನೇ ಹೇಳಿ ನನ್ನನ್ನು ಉಳಿಸಿಬಿಟ್ಟ. ಇನ್ನು ಅವನು ಹೇಳಿದ ಮಕ್ಕಳ ಮಾತು. ಯಾವ ಮಕ್ಕಳು? ಅವನ ಕೇರಿಯ ಒಂದು ಮಗುವೂ ನನ್ನ ಶಾಲೆಗೆ ಬರುವುದಿಲ್ಲ, ಬರುವಂತೆ ನಾನು ಮಾಡಿಲ್ಲ. ತನ್ನವರಲ್ಲದ ಮಕ್ಕಳ ಪಾಠ ನಿಂತುಹೋಗಬಾರದೆಂದು ಅವನು ಜೈಲಿಗೆ ಹೋಗಲು ಸಿದ್ಧನಾಗಿದ್ದಾನೆ. ತಮ್ಮ ಭಾಷಣವನ್ನು ಅವನು ಕೇಳಿದವನಲ್ಲ. ಆ ವಾಚನಾಲಯದ ಜಗಲಿಯನ್ನೂ ಅವನು ಹತ್ತುವಂತಿರಲಿಲ್ಲ ಎಂದು ಕಾಣುತ್ತದೆ.

ಅಲ್ಲಿಂದ ತಮ್ಮ ಕೋಣೆಗೆ ಬಂದೆ. ಮುಂದಿನದು ತಮಗೆ ಗೊತ್ತು, ಓದುವವರಿಗೆ ಗೊತ್ತಿಲ್ಲ. ನಾನು ಎರಡು ಮಾತು ಆಡುವಷ್ಟರಲ್ಲಿ ತಮಗೆ ಪೂರ್ತಿ ಅರ್ಥವಾಯಿತು. ತಾವು ಸಿಟ್ಟಾಗಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು. ನನಗೆ ಪೆನ್ಷನ್ನಿಗೆ ಇನ್ನೆರಡೇ ವರ್ಷವೆಂದು ನೆನಪಿಸಿದಿರಿ. ಆಮೇಲೆ ದನಿ ತಗ್ಗಿಸಿ, "ಮೇಷ್ಟ್ರೇ, ನಾನು ಕ್ರೈಸ್ತ. ಬೇರೆ ಅಮಲ್ದಾರರಾದರೆ ಕೇರಿಯವನನ್ನು ಬಿಟ್ಟರೆ ದಯಾವಂತ ಅಂತಾರೆ. ನಾನು ಬಿಟ್ಟರೆ, ಪಾದ್ರಿಗಳ ಕಡೆಯವನು, ಕೇರಿಗೆ ಗಾಳ ಹಾಕಿದ ಅಂತಾರೆ. ನನ್ನ ಕೈ ಕಟ್ಟಿಹೋಗಿದೆ" ಎಂದಿರಿ. ನಾನು ಭಾಷಣದ ಮಾತೆತ್ತಿದೆ. ತಾವು ಕಿಟಕಿಯ ಕಡೆ ನೋಡಿ, "ಅದು ಭಾನುವಾರದ ಮಾತು" ಎಂದಿರಿ.

ಆ ಮಾತು ಆಡಿದಾಗ ತಮ್ಮ ಮುಖದಲ್ಲಿ ಸಂತೋಷವಿರಲಿಲ್ಲ ಎಂಬುದನ್ನು ನಾನು ನೋಡಿದ್ದೇನೆ, ಅನ್ಯಾಯವಾಗಿ ಬರೆಯುವುದಿಲ್ಲ. ತಮ್ಮ ಕಷ್ಟ ಸುಳ್ಳಲ್ಲ. ಪಟೇಲರಿಗೆ ಊರಿನ ಭಯ, ನನಗೆ ಪೆನ್ಷನ್ನಿನ ಭಯ, ತಮಗೆ ಹೆಸರಿನ ಭಯ. ಒಬ್ಬೊಬ್ಬರೂ ಒಳ್ಳೆಯವರೇ. ಒಬ್ಬೊಬ್ಬರೂ ಹಿಂದಿನವರ ಕಡೆ ಕೈ ತೋರಿಸಿ ನಿಂತುಬಿಟ್ಟಿದ್ದೇವೆ, ಕಂಬಿಯ ಹಿಂದೆ ಮಾತ್ರ ಭಯವಿಲ್ಲದ ಒಬ್ಬ ಕೂತಿದ್ದಾನೆ. ಆದರೆ ಒಂದನ್ನು ಕೇಳುತ್ತೇನೆ. ಪ್ರೀತಿಯೆಂಬುದು ಇಬ್ಬರು ಮನುಷ್ಯರ ನಡುವಿನ ಖಾಸಗಿ ವಿಷಯವಾದರೆ, ತಾವು ಸಭೆ ಕರೆದು, ಸಾರ್ವಜನಿಕ ಜೀವನವೆಂದು ಹೆಸರಿಟ್ಟು ಮಾತಾಡಿದ್ದೇಕೆ? ಜವರಯ್ಯನನ್ನು ದಾರಿಯಲ್ಲಿ ಕಂಡರೆ ತಾವು ಬಿಸ್ಕತ್ತು ಕೊಡುವವರೇ. ನಾನೂ ಹಬ್ಬಕ್ಕೆ ಹಳೆಯ ಪಂಚೆ ಕೊಡುವವನೇ. ಅಂಥ ಪ್ರೀತಿಗೆ ನಮ್ಮಲ್ಲಿ ಏನೂ ಕೊರತೆಯಿಲ್ಲ. ಕೊರತೆಯಿದ್ದದ್ದು ಹುಕುಮಿನಲ್ಲಿ, ಎರಡು ಪದದಷ್ಟು. "ಚಾವಡಿಯಲ್ಲಿ" ಎಂಬುದರ ಮುಂದೆ "ಇಲ್ಲವೆ ಕೇರಿಯಲ್ಲಿ" ಎಂದು ಬರೆದಿದ್ದರೆ ಪಟ್ಟಲಮ್ಮ ಇಂದು ಮೊಮ್ಮಗುವಿಗೆ ನೀರು ಹಾಕುತ್ತಿದ್ದಳು. ಆ ಎರಡು ಪದ ಬರೆಯುವ ಪ್ರೀತಿಯೇ ಸಾರ್ವಜನಿಕ ಜೀವನದ ಪ್ರೀತಿಯೆಂದು ನಾನು ತಮ್ಮಿಂದ ಕಲಿತೆ. ಕಲಿಸಿದವರೇ ಈಗ ಅದು ಭಾನುವಾರದ ಮಾತು ಎಂದರೆ, ಮಂಗಳವಾರ ಬೀಗದ ಕೈ ಬೀಳಿಸಿದ ನನ್ನ ಗತಿಯೇನು? ಅದೇ ಮಂಗಳವಾರ ಸಿಕ್ಕಿಬಿದ್ದ ಜವರಯ್ಯನ ಗತಿಯೇನು?

ನಾನು ಧೈರ್ಯವಂತನಾಗಿ ಇದನ್ನು ಬರೆಯುತ್ತಿಲ್ಲ. ನನ್ನನ್ನು ನಾನು ನಂಬುವುದಿಲ್ಲ. ಸೋಮವಾರ ಬೆಳಿಗ್ಗೆ ನಾಲ್ಕನೆಯ ಸಲ ಇಲ್ಲವೆಂದುಬಿಟ್ಟೇನು. ಅದಕ್ಕೆ ಇದನ್ನು ಅಚ್ಚು ಹಾಕಿಸಿ, ನನ್ನ ಹಿಂದಿನ ಬಾಗಿಲಿಗೆ ನಾನೇ ಅಗುಳಿ ಹಾಕಿಕೊಳ್ಳುತ್ತಿದ್ದೇನೆ. ಇನ್ನು ಓಡಿಹೋಗಲು ಜಾಗವಿಲ್ಲ, ತಮಗೂ ಇಲ್ಲ. ಮೂರು ತಾಲ್ಲೂಕಿನ ಜನ ಓದಿದ ಮೇಲೆ ಮೇಷ್ಟರ ಸಮಜಾಯಿಷಿ ತೃಪ್ತಿಕರವಾಗಿದೆ ಎಂದು ಇನ್ನೊಮ್ಮೆ ಬರೆಯಲು ತಮ್ಮ ಕೈ ಏಳಲಾರದು.

ನನ್ನ ಬೇಡಿಕೆ ಇಷ್ಟೇ. ಸೋಮವಾರ ಹನ್ನೊಂದು ಗಂಟೆಗೆ, ಜವರಯ್ಯನ ಹೆಸರು ಕೂಗಿದಾಗ ನನ್ನ ಹೆಸರನ್ನೂ ಕೂಗಿಸಿ. ನಾನು ಹಾಜರಿರುತ್ತೇನೆ. ಬೀರುವಿನಿಂದ ಆ ಬೀಗದ ಕೈ ತರಿಸಿ, ಮೊಹರು ಒಡೆದು ನನ್ನ ಕೈಗೆ ಕೊಡಿ. ತಮ್ಮೆದುರು, ಪಟೇಲರ ಸಮಕ್ಷಮ, ಊರಿನ ಎಲ್ಲರ ಸಮಕ್ಷಮ, ನಾನು ಅದನ್ನು ಜವರಯ್ಯನ ಕೈಗೆ ಕೊಡುತ್ತೇನೆ. ನೆಲಕ್ಕಲ್ಲ, ಮೆಟ್ಟಿಲಿಗಲ್ಲ, ಅಂಗೈಗೆ. ಅದು ಕಳ್ಳತನದ ಮಾಲೋ, ಕೊಟ್ಟ ಮಾಲೋ ಎಂಬುದನ್ನು ಆಮೇಲೆ ತಾವೇ ಬರೆದುಕೊಳ್ಳಿ. ನನ್ನ ಕೈ ಆಗ ನಡುಗಿದರೆ ಅದು ಚಳಿಜ್ವರವೆಂದು ದಯವಿಟ್ಟು ಬರೆಯಬೇಡಿ. ಆ ವಾರದ ಕೊನೆಗೆ ತಮ್ಮ ಕ್ರಿಸ್ಮಸ್ ಹಬ್ಬ. ಅದಕ್ಕೆ ಮೊದಲು ಅವನು ಮನೆಗೆ ಹೋಗಿ ಮೊಮ್ಮಗುವಿನ ಮುಖ ನೋಡಲಿ. ಅದಕ್ಕೆ ಇನ್ನೂ ಹೆಸರಿಟ್ಟಿಲ್ಲ. ಅಪ್ಪಯ್ಯ ಬರಲಿ ಎಂದು ಬೆಟ್ಟಮ್ಮ ಕಾಯುತ್ತಿದ್ದಾಳೆ.

ಇಂತಿ,
ಇದುವರೆಗೆ ಜಗಲಿಯಿಂದ ಕೆಳಗಿಳಿಯದ,
ಈ ಪತ್ರ ಅಚ್ಚಾಗುವ ತನಕ ಮಾತ್ರ ಉಪಾಧ್ಯಾಯನಾಗಿರುವ,
ಅನಂತರಾಮು
ಡಿಸೆಂಬರ್ 1936